ಎಂಟನೇ ತರಗತಿಯ ಜೂನ್ ತಿಂಗಳು
(ಸುವರ್ಣ ಮಹೋತ್ಸವದ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಬೆಳಗಿನಿಂದ ಈ ಶಾಲೆಯಲ್ಲಿ ಓದಿ ಡಾಕ್ಟರು, ಎಂಜಿನಿಯರು, ತಹಶೀಲ್ದಾರರು ಆದವರ ಹೆಸರು ಕೇಳುತ್ತಿದ್ದೇವೆ. ನನಗೂ ಹೆಮ್ಮೆಯಾಯಿತು. ಆದರೆ ನಾನು ಮಾತಾಡಬೇಕಾದದ್ದು ಆ ಪಟ್ಟಿಗೆ ಬಾರದವರ ಬಗ್ಗೆ. ಎಂಟಕ್ಕೆ ಸೇರಿ ಒಂಬತ್ತರಲ್ಲಿ ಬಿಟ್ಟವರು. ಅವರಲ್ಲಿ ಕೆಲವರು ಇಲ್ಲೇ ಇದ್ದಾರೆ. ಈ ಶಾಮಿಯಾನ ಕಟ್ಟಿದವರು, ಹಿಂದೆ ಅಡುಗೆಗೆ ನಿಂತವರು.

ನಾನು ಸಮಗ್ರ ಶಿಕ್ಷಣದಡಿ ವಿಶೇಷ ಅಗತ್ಯವುಳ್ಳ ಮಕ್ಕಳಿಗಾಗಿ ಶಾಲೆಯಿಂದ ಶಾಲೆಗೆ ಸುತ್ತುವ ಸಂಪನ್ಮೂಲ ಶಿಕ್ಷಕಿ. ಕಣ್ಣು ಕಾಣದ, ನಡೆಯಲಾಗದ ಮಗುವನ್ನು ಯಾರಾದರೂ ನನಗೆ ತೋರಿಸುತ್ತಾರೆ. ಯಾರೂ ತೋರಿಸದೆ ಉಳಿಯುವುದು, ನೋಡಲು ಎಲ್ಲ ಸರಿಯಿದ್ದು ಓದು ಮಾತ್ರ ಹತ್ತದ ಮಗು.

ಒಬ್ಬ ಹುಡುಗನಿದ್ದಾನೆ. ಅಪ್ಪನ ಜೊತೆ ತಿಪಟೂರಿಗೆ ಕೊಬ್ಬರಿ ಹಾಕಲು ಹೋಗುತ್ತಾನೆ. ಕ್ವಿಂಟಲ್ ದರ ಹೇಳಿದರೆ ಒಂದೂಮುಕ್ಕಾಲು ಕ್ವಿಂಟಲ್‌ಗೆ ಎಷ್ಟೆಂದು ಬಾಯಲ್ಲೇ ಲೆಕ್ಕ ಒಪ್ಪಿಸುತ್ತಾನೆ. ಅದೇ ಲೆಕ್ಕ ಪುಸ್ತಕದಲ್ಲಿದ್ದರೆ ತಲೆ ತಗ್ಗಿಸುತ್ತಾನೆ. ಮನೆಯಲ್ಲಿ ಸೋಮಾರಿ, ಶಾಲೆಯಲ್ಲಿ ದಡ್ಡ. ಅವನಿಗಿರುವುದು ನಿರ್ದಿಷ್ಟ ಕಲಿಕಾ ನ್ಯೂನತೆ. ಡಿಸ್ಲೆಕ್ಸಿಯಾ ಎಂಬ ಹೆಸರು ನೀವು ಕೇಳಿರಬಹುದು. ಬುದ್ಧಿಗೂ ಇದಕ್ಕೂ ಸಂಬಂಧವಿಲ್ಲ. 1995ರ ಅಂಗವಿಕಲರ ಕಾಯ್ದೆಯಲ್ಲಿ ಇದರ ಹೆಸರೇ ಇರಲಿಲ್ಲ. 2016ರ ಕಾಯ್ದೆ ಹೆಸರಿಸಿದ 21 ಬಗೆಗಳಲ್ಲಿ ಇದು ಸೇರಿತು. ಹಾಗಾಗಿ ನಮ್ಮ ಕಾಲದ ಮೇಷ್ಟ್ರುಗಳನ್ನು ದೂರಿ ಪ್ರಯೋಜನವಿಲ್ಲ.

ಕನ್ನಡ ಬರೆದಂತೆ ಓದುವ ಭಾಷೆ, ಇಲ್ಲಿ ಇಂಥ ತೊಂದರೆ ಎಲ್ಲಿಂದ ಬರುತ್ತದೆ ಎಂದು ಕೇಳುವವರಿದ್ದಾರೆ. 'ರಾತ್ರಿ' ಎಂದು ಬರೆದು ನೋಡಿ. ಗುಡಿಸು ಇರುವುದು ಮೇಲಿನ ತಕಾರಕ್ಕೆ, ಅದರ ಉಚ್ಚಾರ ಬರುವುದು ಕೆಳಗಿನ ರಕಾರದ ನಂತರ. 'ಸೂರ್ಯ' ಎನ್ನುವಾಗ ರಕಾರ ಮೊದಲು ಕೇಳುತ್ತದೆ, ಅರ್ಕಾವತ್ತು ಬರೆಯುವುದು ಯಕಾರದ ಮುಂದೆ. ನಮಗಿದು ಅಭ್ಯಾಸವಾಗಿ ಕಣ್ಣಿಗೇ ಬೀಳುವುದಿಲ್ಲ. ಈ ಮಕ್ಕಳು ಅಲ್ಲೇ ಎಡವುತ್ತಾರೆ. ಒತ್ತು ಬಿಟ್ಟುಹೋಗುತ್ತದೆ, ದೀರ್ಘ ಹ್ರಸ್ವವಾಗುತ್ತದೆ, ಪಕಾರ ವಕಾರ ಅದಲುಬದಲಾಗುತ್ತವೆ.

ಹಾಗೆಂದು ತಪ್ಪು ಬರೆದವರೆಲ್ಲ ಈ ಗುಂಪಿಗೆ ಸೇರುವುದಿಲ್ಲ. ನಮ್ಮ ಸೀಮೆಯ ಮಗು 'ಆಲು' ಎಂದು ಬರೆದರೆ ಅದು ಮನೆಮಾತು, ನ್ಯೂನತೆಯಲ್ಲ. ಮೊದಲು ಕಣ್ಣು, ಕಿವಿ ತೋರಿಸಬೇಕು. ಮನೆಯಲ್ಲಿ ಆಡುವ ಭಾಷೆ ಯಾವುದು, ಕೂಲಿಗೆ ಹೋದ ತಾಯಿತಂದೆಯ ಜೊತೆ ಎಷ್ಟು ತಿಂಗಳು ಶಾಲೆ ತಪ್ಪಿತ್ತು ಎಂದು ಕೇಳಬೇಕು. ಇಷ್ಟೆಲ್ಲ ಆದಮೇಲೂ ತೊಡಕು ಉಳಿದರೆ ಪರೀಕ್ಷೆ ಮಾಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ವ್ಯವಸ್ಥೆಯಿದೆ. ಒಂದೇ ಭೇಟಿಗೆ ಮುಗಿಯುವುದು ಕಡಿಮೆ.

ದಾಖಲೆ ಸಿಕ್ಕಿದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರಹಗಾರರ ನೆರವು, ಭಾಷಾ ವಿನಾಯಿತಿಗೆ ಮುಖ್ಯ ಶಿಕ್ಷಕರ ಮೂಲಕ ಮಂಡಳಿಗೆ ಅರ್ಜಿ ಹಾಕಬಹುದು. ಮೂರನೇ ತರಗತಿಯಲ್ಲೇ ಇದನ್ನು ಗುರುತಿಸಬೇಕೆಂಬುದು ಕೇಂದ್ರದ ಮಾರ್ಗಸೂಚಿ. ಆದರೆ ನನಗೆ ಫೋನ್ ಬರುವುದು ಹತ್ತನೇ ತರಗತಿಯ ಜನವರಿಯಲ್ಲಿ, ಫಲಿತಾಂಶದ ಚಿಂತೆ ಹತ್ತಿದ ಮೇಲೆ. ಆಗ ಸರದಿ ಹಿಡಿದು ದಾಖಲೆ ತರುವಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ. ಹೈಸ್ಕೂಲಿಗೆ ಉಳಿದಿರುವ ಸಮಯವೆಂದರೆ ಎಂಟನೇ ತರಗತಿಯ ಜೂನ್ ತಿಂಗಳು.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಮಗುವಿಗೊಂದು ನೋಟ್ ಬುಕ್ ಇಡಿ. ಈಗ ಏನು ಬರುತ್ತದೆ, ದಸರಾ ರಜೆಯ ಹೊತ್ತಿಗೆ ಏನು ಬರಬೇಕು, ಯಾರು ಯಾವ ದಿನ ಕೂರಿಸಿಕೊಳ್ಳುತ್ತಾರೆ, ಇಷ್ಟು ಬರೆದರೆ ಸಾಕು. 'ಓದು ಸುಧಾರಿಸಬೇಕು' ಎಂದು ಬರೆಯಬೇಡಿ, ಅದು ಯಾರಿಗೂ ಹಿಡಿಯಲು ಸಿಗುವುದಿಲ್ಲ. 'ಅಕ್ಕ, ಹಳ್ಳದಂಥ ಸಜಾತೀಯ ಒತ್ತಕ್ಷರದ ಇಪ್ಪತ್ತು ಪದ ತಡೆಯದೆ ಓದಬೇಕು. ಪುಸ್ತಕ, ಚಂದ್ರ ಆಮೇಲೆ' ಎಂದು ಬರೆಯಿರಿ. ವಿಜ್ಞಾನ, ಸಮಾಜದ ಪ್ರಶ್ನೆಗಳನ್ನು ಓದಿ ಹೇಳಿ, ಉತ್ತರವನ್ನು ಬಾಯಲ್ಲಿ ಕೇಳಿ. ಓದು ಕಲಿಯುವವರೆಗೆ ಉಳಿದ ಪಾಠ ಕಾಯಬೇಕಾಗಿಲ್ಲ. ಇಡೀ ತರಗತಿಯ ಮುಂದೆ ಎಬ್ಬಿಸಿ ಗಟ್ಟಿಯಾಗಿ ಓದಿಸುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ಎಷ್ಟೋ ಮಕ್ಕಳು ಶಾಲೆ ಬಿಡುವುದು ಆ ಒಂದು ಪೀರಿಯಡ್ಡಿಗೆ ಹೆದರಿ. ಅರವತ್ತು ಮಕ್ಕಳ ನಡುವೆ ಇದೆಲ್ಲ ಹೇಗೆ ಎಂದು ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ವಾರಕ್ಕೆ ಎರಡು ದಿನ ಅರ್ಧ ಗಂಟೆ ಕೂರುವ ಊರಿನ ಒಬ್ಬ ನಿವೃತ್ತ ಮೇಷ್ಟ್ರು ಸಿಕ್ಕರೂ ನಡೆಯುತ್ತದೆ.

ಕೊನೆಗೆ ಹಣದ ಮಾತು, ಕೆಲವರಿಗೆ ಹಿಡಿಸಲಿಕ್ಕಿಲ್ಲ. ಸುವರ್ಣ ಮಹೋತ್ಸವದ ನಿಧಿಯಿಂದ ಮಹಾದ್ವಾರ ಕಟ್ಟುವ ಯೋಚನೆಯಿದೆ ಎಂದು ಕೇಳಿದೆ. ಕಟ್ಟಿ, ಬೇಡವೆನ್ನುವುದಿಲ್ಲ. ಸ್ವಲ್ಪ ಗಿಡ್ಡಕ್ಕೆ ಕಟ್ಟಿ. ಉಳಿದದ್ದನ್ನು ಬ್ಯಾಂಕಿನಲ್ಲಿಟ್ಟು, ಬರುವ ಬಡ್ಡಿಯಲ್ಲಿ ಪ್ರತಿವರ್ಷ ಇಂಥ ಮಕ್ಕಳನ್ನೂ ಅವರ ತಾಯಂದಿರನ್ನೂ ಬೆಂಗಳೂರಿಗೋ ಮೈಸೂರಿಗೋ ಕಳಿಸುವ ಖರ್ಚು ನೋಡಿಕೊಳ್ಳಿ. ರೈಲು ಚಾರ್ಜು, ಊಟ, ತಾಯಿಯ ಆ ದಿನದ ಕೂಲಿ. ಕೂಲಿ ಕೊಡದಿದ್ದರೆ ಆಕೆ ಎರಡನೇ ಸಲ ಬರುವುದಿಲ್ಲ, ಇದನ್ನು ಕಣ್ಣಾರೆ ಕಂಡಿದ್ದೇನೆ. ಜೂನ್ ಮೊದಲ ವಾರ ನಾನೇ ಶಾಲೆಗೆ ಬರುತ್ತೇನೆ. ಎಂಟನೇ ತರಗತಿಯ ಮಕ್ಕಳನ್ನು ಒಬ್ಬೊಬ್ಬರನ್ನೇ ಕೂರಿಸಿ ಓದಿಸಲು ನನಗೆ ಒಂದು ಕೋಣೆ, ನಾಲ್ಕು ದಿನ ಬೇಕು. ಮುಖ್ಯ ಶಿಕ್ಷಕರು ಒಪ್ಪಿದ್ದಾರೆ. ಸಮಿತಿಯವರು ಇಂದು ಸಂಜೆಯ ಸಭೆಯಲ್ಲಿ ನಿಧಿಯ ವಿಚಾರ ತೆಗೆದುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.