ಊರಿಂದ ಫೋನ್ ಬಂದಾಗ: ಸ್ಟೆಂಟ್‌ಗೆ ‘ಹೂಂ’ ಅನ್ನೋ ಮೊದಲು

ನೀವು ಪುಣೆಯಲ್ಲೋ ಹೈದರಾಬಾದಿನಲ್ಲೋ ಮೀಟಿಂಗ್‌ನಲ್ಲಿ ಇರ್ತೀರಿ. ಊರಿಂದ ಫೋನ್ ಬರುತ್ತೆ: “ಅಪ್ಪನಿಗೆ ಆಂಜಿಯೋಗ್ರಾಮ್ ಮಾಡಿದ್ರು, 80 ಪರ್ಸೆಂಟ್ ಬ್ಲಾಕ್ ಅಂತೆ. ಸ್ಟೆಂಟ್ ಹಾಕೋದಾ ಅಂತ ಕೇಳ್ತಿದಾರೆ, ಏನು ಹೇಳೋಣ?” ನಾನು ಹೃದ್ರೋಗಿಗಳಿಗೆ ಆಹಾರದ ಸಲಹೆ ಕೊಡುವವಳು. ಊಟದ ಬಗ್ಗೆ ಮಾತಾಡೋಕೆ ಕೂತ್ರೂ ಮೊದಲು ಬರೋದು ಈ ಪ್ರಶ್ನೆಯೇ.

ಆಗ ನೀವು ಡಾಕ್ಟರನ್ನ ಕೇಳಬೇಕಾದ್ದು ಒಂದೇ: “ಇದು ಈಗ ಆಗ್ತಿರೋ ಹಾರ್ಟ್ ಅಟ್ಯಾಕಾ, ಅಥವಾ ಮೊದಲಿಂದ ಇರೋ ಬ್ಲಾಕಾ?”

ಅಟ್ಯಾಕ್ ಆಗಿದ್ರೆ ಚರ್ಚೆ ಬೇಡ. ರಕ್ತನಾಳ ಮುಚ್ಚಿದೆ, ನಿಮಿಷ ನಿಮಿಷಕ್ಕೂ ಹೃದಯದ ಸ್ನಾಯು ಸಾಯ್ತಿದೆ. ತಕ್ಷಣ ಆಂಜಿಯೋಪ್ಲಾಸ್ಟಿ ಜೀವ ಉಳಿಸುತ್ತೆ. ಅಂಥ ಆಸ್ಪತ್ರೆ ದೂರ ಇದ್ರೆ ಹೆಪ್ಪು ಕರಗಿಸೋ ಇಂಜೆಕ್ಷನ್ ಮೊದಲು ಕೊಡ್ತಾರೆ. ಎದೆ ಬಿಗಿತ, ತಣ್ಣನೆ ಬೆವರು, ದವಡೆಗೋ ಕೈಗೋ ಹರಡುವ ನೋವು ಬಂದ್ರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬಾರದು. ಸಕ್ಕರೆ ಕಾಯಿಲೆ ಇರುವವರಿಗೆ, ಹೆಂಗಸರಿಗೆ ಬರೀ ಉಸಿರಾಟದ ಕಷ್ಟ, ಸುಸ್ತು ಮಾತ್ರ ಇರಬಹುದು.

ಮೆಟ್ಟಿಲು ಹತ್ತಿದಾಗ ನೋವು, ಕೂತ್ರೆ ಕಡಿಮೆ, ತಿಂಗಳುಗಳಿಂದ ಹೀಗೇ ಇದೆ ಅಂದ್ರೆ ಲೆಕ್ಕ ಬೇರೆ. 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನದಲ್ಲಿ ಭಾರತವೂ ಸೇರಿ 37 ದೇಶಗಳ 5,179 ಇಂಥ ರೋಗಿಗಳಿದ್ದರು. ಸ್ಟೆಂಟ್ ಅಥವಾ ಬೈಪಾಸ್ ಮೊದಲೇ ಮಾಡಿಸಿಕೊಂಡವರಿಗೂ, ಮಾತ್ರೆಯಿಂದ ಶುರು ಮಾಡಿದವರಿಗೂ ಸಾವಿನ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಮಾತ್ರ ಸ್ಟೆಂಟ್, ಬೈಪಾಸ್‌ನಿಂದ ಹೆಚ್ಚು ಕಡಿಮೆಯಾಯ್ತು. ಅಂದ್ರೆ ಇನ್ನೊಬ್ಬ ಡಾಕ್ಟರನ್ನ ಕೇಳೋಕೆ ನಿಮಗೆ ಸಮಯ ಇದೆ. ಆದರೆ ಎಡಗಡೆಯ ಮುಖ್ಯ ನಾಳದಲ್ಲೇ ಬ್ಲಾಕ್ ಇದ್ರೆ, ಹೃದಯದ ಪಂಪಿಂಗ್ ತುಂಬಾ ಕುಗ್ಗಿದ್ರೆ, ನೋವು ದಿನೇ ದಿನೇ ಹೆಚ್ಚುತ್ತಿದ್ರೆ ಈ ಮಾತು ಅನ್ವಯಿಸಲ್ಲ. ಸಕ್ಕರೆ ಕಾಯಿಲೆ ಜೊತೆ ಹಲವು ನಾಳಗಳಲ್ಲಿ ಬ್ಲಾಕ್ ಇದ್ರೆ ಸಾಮಾನ್ಯವಾಗಿ ಬೈಪಾಸ್ ಮೇಲು.

ಯಾಕೆ ಹೀಗೆ? ಸ್ಟೆಂಟ್ ತೆರೆಯೋದು ಒಂದು ಜಾಗವನ್ನ. ಕೊಬ್ಬು ಕಟ್ಟಿರೋದು ನಾಳದ ಉದ್ದಕ್ಕೂ. ಉಳಿದ ಜಾಗವನ್ನ ಕಾಯೋದು ಸ್ಟ್ಯಾಟಿನ್ ಮಾತ್ರೆ, ಬಿಪಿ-ಶುಗರ್ ಹತೋಟಿ, ತಂಬಾಕು ಬಿಡೋದು, ನಡಿಗೆ ಮತ್ತು ಊಟ.

ಈಗ ನಿಮ್ಮ ತಟ್ಟೆಗೆ ಬರ್ತೀನಿ. 52 ದೇಶಗಳ ‘ಇಂಟರ್‌ಹಾರ್ಟ್’ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಅಟ್ಯಾಕ್ ಬಂದದ್ದು ಸುಮಾರು 53ಕ್ಕೆ, ಉಳಿದವರಿಗಿಂತ ಐದಾರು ವರ್ಷ ಮುಂಚೆ. ಹಾಗಾಗಿ ಇದು ಅಪ್ಪನ ವಿಷಯ ಮಾತ್ರ ಅಲ್ಲ. ಊರಿಂದ ಬರೋ ಪಾರ್ಸೆಲ್ ಬಿಚ್ಚಿ ನೋಡಿ: ಮಿಡಿ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, ಅಂದ್ರೆ ಒಂದು ಚಹಾ ಚಮಚದಷ್ಟು. ಉಪ್ಪಿನಕಾಯಿ ದಿನಾ ಬೇಡ, ಭಾನುವಾರಕ್ಕಿರಲಿ. ಅನ್ನ ಅರ್ಧಕ್ಕಿಳಿಸಿ, ಆ ಜಾಗಕ್ಕೆ ಹೆಸರುಕಾಳು ಉಸಲಿ, ಸೊಪ್ಪಿನ ಪಲ್ಯ ಬರಲಿ.

ಕೊನೇ ಮಾತು. ಬೆಳ್ಳುಳ್ಳಿ-ನಿಂಬೆ ರಸ ಬ್ಲಾಕ್ ಕರಗಿಸುತ್ತೆ ಅನ್ನೋ ವಾಟ್ಸಾಪ್ ನಂಬಿ ಮಾತ್ರೆ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿದ ಮೇಲೆ ರಕ್ತ ತೆಳುವಾಗಿಸೋ ಮಾತ್ರೆ ತಾವಾಗೇ ಬಿಟ್ರೆ ಸ್ಟೆಂಟ್ ಒಳಗೇ ಹೆಪ್ಪುಗಟ್ಟಬಹುದು. ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ “ಊಟ ಆಯ್ತಾ?” ಅಂದ ಮೇಲೆ, “ಮಾತ್ರೆ ಆಯ್ತಾ?” ಅಂತಲೂ ಕೇಳಿ.