ಪೊಳ್ಳು ಮರಕ್ಕೂ ಬೆಲೆ ಇದೆ

ಯುಗಾದಿ ಹೊತ್ತಿಗೆ ಪುಣೆ, ಮುಂಬೈ, ಹೈದರಾಬಾದಿಂದ ಊರ ಕಡೆ ಹೋಗೋರು ಎಷ್ಟೋ ಜನ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಉಳ್ಕೋತೀವಿ. ಬೆಳಗ್ಗೆ ಗೈಡ್ ಜೊತೆ ಹಕ್ಕಿ ನೋಡೋಕೆ ಹೊರಡ್ತೀವಿ. ಅದು ಸರ್ಕಾರಿ ಅಭಯಾರಣ್ಯ ಅಲ್ಲ, ಒಬ್ಬರ ಸ್ವಂತ ಜಮೀನು. ಇವತ್ತಿನ ಮಾತು ಅದರ ಬಗ್ಗೆ.

ಮಾರ್ಚಲ್ಲಿ ಮೊದಲು ಕಿವಿಗೆ ಬೀಳೋದು ಕುಟ್ರು ಹಕ್ಕಿ. ಒಣಗಿದ ಕೊಂಬೆಯಲ್ಲಿ ತಾನೇ ತೂತು ಕೊರೆದು ಗೂಡು ಮಾಡುತ್ತೆ. ಮಂಗಟ್ಟೆಗೆ ಕೊರೆಯೋಕೆ ಬರಲ್ಲ. ದೊಡ್ಡ ಮರದಲ್ಲಿ ಮೊದಲೇ ಆಗಿರೋ ಪೊಟರೆ ಬೇಕು. ಹೆಣ್ಣು ಒಳಗೆ ಕೂತು, ಹಿಕ್ಕೆಯಿಂದ ಬಾಯಿ ಮುಚ್ಚಿ, ಸಣ್ಣ ಸೀಳು ಮಾತ್ರ ಬಿಡುತ್ತೆ. ಆಮೇಲೆ ವಾರಗಟ್ಟಲೆ ಗಂಡು ತಂದುಕೊಟ್ಟಿದ್ದೇ ಊಟ. ನಮಗೆ ಹೆದರಿ ಗಂಡು ದೂರ ನಿಂತರೆ ಒಳಗಿರೋರು ಉಪವಾಸ. ಅದಕ್ಕೇ ಗೂಡಿನ ಬುಡದಲ್ಲಿ ಫೋಟೋಗೆ ಕಾಯಬೇಡಿ. ಮೊಬೈಲಲ್ಲಿ ಹಕ್ಕಿ ಕೂಗು ಹಾಕಬೇಡಿ. ಲೊಕೇಶನ್ ಗ್ರೂಪಿಗೆ ಕಳಿಸಬೇಡಿ.

ಇನ್ನು ತೋಟದವರ ಲೆಕ್ಕ. ಹಳೇ ಪೊಳ್ಳು ಮರದಿಂದ ಕಾಸು ಹುಟ್ಟಲ್ಲ. ಸಿಲ್ವರ್ ಓಕ್ ಬೇಗ ಬೆಳೆಯುತ್ತೆ, ಕಾಳುಮೆಣಸಿನ ಬಳ್ಳಿ ಹಬ್ಬಿಸಬಹುದು, ಮುಂದೆ ನಾಟಾನೂ ಆಗುತ್ತೆ. ಆದ್ರೆ ಸಾಲಾಗಿ ನೆಟ್ಟ ಆ ಎಳೆ ಮರದಲ್ಲಿ ಮಂಗಟ್ಟೆ ಹಿಡಿಸೋ ಪೊಟರೆ ಇಲ್ಲ. ಅತ್ತಿ, ಆಲದಂಥ ಹಣ್ಣೂ ಇಲ್ಲ.

ಎರಡು ದಿನಕ್ಕೆ ಬಂದು ಹೋಗೋ ನಾವು ಅವರಿಗೆ ಉಪದೇಶ ಮಾಡೋದು ಸರಿಯಲ್ಲ. ಹೊರಡೋವಾಗ ಒಂದು ಮಾತು ಹೇಳಿ ಸಾಕು: "ಸಾರ್, ಆ ಹಳೇ ಮರ ಇದೆ ಅಂತಾನೇ ನಾವು ಇಲ್ಲಿಗೆ ಬಂದಿದ್ದು." ನಾವು ಕೊಡೋ ದುಡ್ಡು ಕಾಫಿ, ಮೆಣಸಿನ ಜೊತೆ ಆ ಮರದ ಲೆಕ್ಕಕ್ಕೂ ಸೇರಲಿ.