ಕಾಲು ಡೊಂಕಾಗುವುದೇಕೆ?
(ಸಂಘದ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಉರ್ದು, ಕನ್ನಡ ಕಲಿಸುವವನು, ವೈದ್ಯನಲ್ಲ. ಆದರೂ ಈ ವಿಷಯ ಆರಿಸಿಕೊಳ್ಳಲು ಗುಬ್ಬಿಯಲ್ಲಿ ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗ ಕಾರಣ. ಅವನ ಕಾಲುಗಳು ಬಿಲ್ಲಿನಂತೆ ಹೊರಕ್ಕೆ ಬಾಗಿದ್ದವು. ಓರಗೆಯವರು 'ಸೊಟ್ಟ' ಎಂದೇ ಕರೆಯುತ್ತಿದ್ದರು. ನಾನೂ ಕೇಳಿಸಿಕೊಂಡು ಸುಮ್ಮನಿದ್ದೆ. ಒಮ್ಮೆ ಅವನ ತಾಯಿ ಬಂದು, "ಮಾಸ್ಟರ್ ಸಾಬ್, ಎಳೆಮಗುವಾಗಲೇ ನಿಲ್ಲಿಸಿಬಿಟ್ಟೆ, ನನ್ನದೇ ತಪ್ಪು" ಎಂದು ಅತ್ತರು. ನಿಮ್ಮ ತಪ್ಪಲ್ಲಮ್ಮ ಎನ್ನುವಷ್ಟು ತಿಳಿವಳಿಕೆ ಆಗ ನನಗಿರಲಿಲ್ಲ.

ಗರ್ಭದಲ್ಲಿ ಮುದುಡಿ ಮಲಗಿದ್ದ ಮಗುವಿನ ಕಾಲು ಹುಟ್ಟುವಾಗ ಬಾಗಿಯೇ ಇರುತ್ತದೆ. ಸುಮಾರು 2 ವರ್ಷಕ್ಕೆ ನೇರವಾಗುತ್ತದೆ. 3-4ರಲ್ಲಿ ಮೊಣಕಾಲುಗಳು ಒಂದಕ್ಕೊಂದು ತಾಗುವಂತೆ ಕಂಡು, 7ರ ಹೊತ್ತಿಗೆ ಸರಿಹೋಗುತ್ತವೆ. ಎಣ್ಣೆ ತಿಕ್ಕಿದ್ದರಿಂದ ನೇರವಾಯಿತೆಂದು ಅಜ್ಜಿಯರು ಹೇಳಿದರೆ ಹೇಳಲಿ ಬಿಡಿ! ಆದರೆ 3 ವರ್ಷ ದಾಟಿಯೂ ಬಾಗು ಹೆಚ್ಚುತ್ತಿದ್ದರೆ, ಒಂದೇ ಕಾಲು ಬಾಗಿದ್ದರೆ, ಮಣಿಕಟ್ಟು ದಪ್ಪಗಾಗಿದ್ದರೆ ಮೂಳೆ ವೈದ್ಯರಿಗೆ ತೋರಿಸಲೇಬೇಕು.

ಮಣಿಕಟ್ಟು ದಪ್ಪಗಾಗುವುದು ರಿಕೆಟ್ಸ್ ರೋಗದ ಗುರುತು. ವಿಟಮಿನ್ ಡಿ ಅಥವಾ ಕ್ಯಾಲ್ಸಿಯಂ ಸಾಲದೆ ಎಳೆಯ ಮೂಳೆ ಮೆತ್ತಗಾಗಿ ಮೈಭಾರಕ್ಕೆ ಬಾಗುತ್ತದೆ. ಈ ವಿಟಮಿನ್ನು ಚರ್ಮದಲ್ಲಿ ತಯಾರಾಗಲು ಬಿಸಿಲು ಬೇಕು. ಬಿಸಿಲಿನ ನಾಡಿನಲ್ಲಿ ಈ ಕೊರತೆಯೇ ಎಂದು ನೀವು ಕೇಳಬಹುದು. ನಗರದ ಇಕ್ಕಟ್ಟಾದ ಗಲ್ಲಿಗಳಲ್ಲಿ ಹಗಲಿಡೀ ಒಳಕೋಣೆಯಲ್ಲೇ ಇರುವ ತಾಯಿ-ಮಗುವನ್ನು ನೆನೆಯಿರಿ. ಕ್ಯಾಲ್ಸಿಯಂಗೆ ನಮ್ಮ ರಾಗಿಯೇ ಇದೆ: 100 ಗ್ರಾಂನಲ್ಲಿ 300 ಮಿಲಿಗ್ರಾಂಗೂ ಹೆಚ್ಚು.

ಇನ್ನು ನೀರು. ನಮ್ಮ ಜಿಲ್ಲೆಯ ಪಾವಗಡ, ಶಿರಾ, ಮಧುಗಿರಿ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನಲ್ಲಿ ಕಂದು ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಬೆನ್ನು, ಕೀಲು ಬಿಗಿಯುತ್ತವೆ, ಬೆಳೆಯುವ ಮಕ್ಕಳ ಕಾಲು ಸೊಟ್ಟಗಾಗಬಹುದು. ಕ್ಯಾಲ್ಸಿಯಂ ಕಡಿಮೆ ತಿನ್ನುವ ಮಕ್ಕಳಿಗೆ ಪೆಟ್ಟು ಜಾಸ್ತಿ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಅದರ ಅಂಶ ಇನ್ನಷ್ಟು ಏರುತ್ತದೆ! ಅದೇ ನೀರು ಕುಡಿಯುವ ದನಗಳೂ ಹಲ್ಲು ಸವೆದು ಕುಂಟುತ್ತವೆ.

ಪ್ರಾಣಿಗಳ ಮಾತು ಬಂದಾಗ ಕುಣಿಗಲ್ ನೆನಪಾಗದಿರದು. ಹೈದರಾಲಿ, ಟಿಪ್ಪು ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಊರು. ಕುದುರೆಮರಿಗೂ ಹುಟ್ಟಿದಾಗ ಕಾಲು ಸ್ವಲ್ಪ ವಾಲಿರುವುದುಂಟು, ಎಷ್ಟೋ ಸಲ ತಾನೇ ನೆಟ್ಟಗಾಗುತ್ತದೆ. ಬೇಗ ಬೆಳೆಯಲೆಂದು ಕಾಳು ಅತಿಯಾಗಿ ತಿನ್ನಿಸಿದರೆ, ತಾಮ್ರದಂಥ ಖನಿಜಾಂಶ ಏರುಪೇರಾದರೆ ಬಾಗು ಉಳಿಯಬಹುದು. ಅದಕ್ಕೇ ಪಶುವೈದ್ಯರು ಮೊದಲ ತಿಂಗಳುಗಳಲ್ಲೇ ಗೊರಸು ಕತ್ತರಿಸಿ ಸರಿಪಡಿಸುತ್ತಾರೆ. ಡ್ಯಾಷ್‌ಹುಂಡ್ ನಾಯಿಯ ಗಿಡ್ಡ ಕಾಲಿನ ಕಥೆ ಬೇರೆ, ಅದು ವಂಶದಿಂದ ಬಂದದ್ದು.

ವಿದ್ಯಾರ್ಥಿಗಳೆ, ನಿಮ್ಮ ಮನೆ ಕೊಳವೆಬಾವಿಯ ನೀರನ್ನು ಸ್ವಚ್ಛ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿ, ಊರಿನ ಹೆಸರು ಬರೆದು ತನ್ನಿ. ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ನಾನೇ ಮುಟ್ಟಿಸುತ್ತೇನೆ.